ಕಾರು ಯಾವಾಗ ಅಂತ ಕೇಳುವವರಿಗೆ ಏನು ಹೇಳಲಿ ಎಂದ ಸಂಡೂರಿನ ತಮ್ಮನಿಗೆ

ತಮ್ಮಾ,

ನಿನ್ನ ಪತ್ರವನ್ನು ಗಣಿ ಕ್ಯಾಂಪಿನ ರೂಮಿನಲ್ಲಿ ಕೂತು ಎರಡು ಸಲ ಓದಿದೆ. ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಮೂರು ವಾರ ಆಯಿತು, ವೆಲ್ಷ್‌ಪೂಲ್‌ನ ವರ್ಕ್‌ಶಾಪಿಗೆ ಎಲ್ಲರೂ ದೊಡ್ಡ ದೊಡ್ಡ ಯೂಟ್ ಗಾಡಿಗಳಲ್ಲಿ (ಹಿಂದೆ ಸಾಮಾನು ಹಾಕುವ ಪಿಕಪ್) ಬರುತ್ತಾರೆ, ನಾನೊಬ್ಬನೇ ಬಸ್ಸಿನಲ್ಲಿ ಹೋಗುತ್ತೇನೆ, ಯಾರೂ ನನ್ನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಬರೆದಿದ್ದೀಯ. ಊರಿಂದ ನಿನ್ನ ಮಾವ ಫೋನ್ ಮಾಡಿದಾಗಲೆಲ್ಲ "ಕಾರು ಯಾವಾಗ? ಫೋಟೋ ಕಳಿಸು" ಅನ್ನುತ್ತಾರಂತೆ. ಸಾಲ ಮಾಡಿ ಒಂದು ಹೊಸ ಗಾಡಿ ತಗೊಂಡರೆ ಇಲ್ಲೂ ಅಲ್ಲೂ ಒಂದಷ್ಟು ಮರ್ಯಾದೆ ಸಿಗುತ್ತದಾ ಅಂತ ಕೇಳಿದ್ದೀಯ.

ಸಿಗುವುದಿಲ್ಲ. ನಾನು ತಗೊಂಡು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ನಮ್ಮೂರಿನ ಮಾತು. ನೀನು ಆಗ ತೀರಾ ಸಣ್ಣವನು. ಚೀನಾದವರು ನಮ್ಮ ಕಬ್ಬಿಣದ ಅದಿರು ಕೊಳ್ಳುತ್ತಿದ್ದ ಕಾಲ ಅದು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಬೆಲೆ ಏರುತ್ತಲೇ ಹೋಯಿತು. ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳನ್ನೂ ಜನ ಅದಿರು ಅಗೆಯಲು ಕೊಟ್ಟರು. ಸಾಲ ತಂದು ಟಿಪ್ಪರ್ ತಗೊಂಡರು. ಬಳ್ಳಾರಿಯಲ್ಲಿ ನಾವು ನೋಡಿರದ ಕಾರುಗಳೆಲ್ಲ ಬಂದವು. ಗಾಡಿ ದೊಡ್ಡದಾದಷ್ಟೂ ನಮಸ್ಕಾರ ಜಾಸ್ತಿ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಕೆಲವೇ ತಿಂಗಳಲ್ಲಿ ಫೈನಾನ್ಸ್‌ನವರು ಒಂದೊಂದೇ ಟಿಪ್ಪರ್ ಎಳೆದುಕೊಂಡು ಹೋದರು. ನಿನ್ನೆ ತನಕ ಎದ್ದು ನಿಂತು ಕೈ ಮುಗಿಯುತ್ತಿದ್ದವರು ಅದೇ ಮನುಷ್ಯನನ್ನು ಕಂಡರೆ ಸಾಲ ಕೇಳಿಬಿಟ್ಟಾನು ಅಂತ ಆಚೆ ರಸ್ತೆಗೆ ದಾಟುತ್ತಿದ್ದರು. ಇದನ್ನು ನಾನು ಕಣ್ಣಾರೆ ನೋಡಿದೆ. ನನಗೆ ಇಪ್ಪತ್ತೆರಡು ವರ್ಷ ಆಗ.

ನಾನು ಕೆಲಸ ಕಲಿತದ್ದು ಹೊಸಪೇಟೆ ರಸ್ತೆಯ ಒಂದು ಲಾರಿ ಗ್ಯಾರೇಜಿನಲ್ಲಿ. ನಮ್ಮ ಉಸ್ತಾದ್ ಬಳ್ಳಾರಿಯ ಕೌಲ್ ಬಜಾರಿನವರು. ಅಷ್ಟು ದುಡ್ಡು ಹರಿಯುತ್ತಿದ್ದ ಕಾಲದಲ್ಲೂ ಸೈಕಲ್ಲಿನಲ್ಲೇ ಬರುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಬಿಚ್ಚಿದ ಹಳೆ ಸಾಮಾನನ್ನೆಲ್ಲ ಡೀಸೆಲ್‌ನಲ್ಲಿ ತೊಳೆದು ಒಂದು ತಟ್ಟೆಯಲ್ಲಿ ಜೋಡಿಸಿ ಇಡಬೇಕು. ಮಾಲೀಕ ಬಂದಾಗ "ನೋಡ್ರಿ, ಇದು ಸವೆದಿತ್ತು, ಬದಲಾಯಿಸಿದೆ. ಇದು ಇನ್ನೂ ಒಂದು ವರ್ಷ ಬರ್ತದೆ, ಹಾಗೇ ಹಾಕಿದೀನಿ" ಅಂತ ತೋರಿಸುತ್ತಿದ್ದರು. ಬೇರೆ ಗ್ಯಾರೇಜಿನಲ್ಲಿ ಯಾರೂ ಹಾಗೆ ತೋರಿಸುತ್ತಿರಲಿಲ್ಲ.

ಒಂದು ಸಲ ಗೇರ್ ಬಾಕ್ಸಿನ ಆಯಿಲ್ ಸೀಲನ್ನು ನಾನು ಸರಿಯಾಗಿ ಕೂರಿಸಿರಲಿಲ್ಲ. ಲಾರಿ ಅದಿರು ತುಂಬಿಕೊಂಡು ಬೇಲೆಕೇರಿ ಬಂದರಿಗೆ ಹೊರಟುಹೋಗಿತ್ತು. ನೆಲದ ಮೇಲೆ ಬಿದ್ದ ಎಣ್ಣೆ ಹನಿ ನೋಡಿ ಉಸ್ತಾದ್‌ಗೆ ಗೊತ್ತಾಯಿತು. ಡ್ರೈವರ್‌ಗೆ ಫೋನ್ ಮಾಡಿ ಕೊಪ್ಪಳದ ಹತ್ತಿರ ನಿಲ್ಲಿಸಿದರು. ಹೊಸ ಸೀಲು ಜೇಬಿಗೆ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು, ಇನ್ನೊಂದು ಲಾರಿ ಹತ್ತಿ ಹೋದರು. ರಸ್ತೆ ಪಕ್ಕದಲ್ಲಿ, ಆ ಬಿಸಿಲಿನಲ್ಲಿ, ಗಾಡಿ ಕೆಳಗೆ ಮಲಗಿ ಸೀಲು ಬದಲಾಯಿಸಿದೆವು. ದುಡ್ಡು ತಗೊಳ್ಳಲಿಲ್ಲ. ಹುಡುಗ ಮಾಡಿದ ತಪ್ಪು ಅಂತಲೂ ಹೇಳಲಿಲ್ಲ. "ನಮ್ಮ ಗ್ಯಾರೇಜಿಂದ ತಪ್ಪಾಗಿದೆ" ಅಂದರು, ಅಷ್ಟೇ. ವಾಪಸ್ ಬರುವಾಗ ದಾರಿಯಲ್ಲಿ ಮಿರ್ಚಿ, ಮಂಡಕ್ಕಿ ಒಗ್ಗರಣೆ ಕೊಡಿಸಿದರು. ನನಗೆ ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ.

ಗಣಿ ನಿಂತ ಮೇಲೆ ಆ ರಸ್ತೆಯ ಎಷ್ಟೋ ಗ್ಯಾರೇಜುಗಳು ಮುಚ್ಚಿದವು. ನಮ್ಮದು ಮುಚ್ಚಲಿಲ್ಲ. ಸಿರುಗುಪ್ಪ, ಕುರುಗೋಡು ಕಡೆಯಿಂದ ರೈತರು ಟ್ರ್ಯಾಕ್ಟರ್ ತರತೊಡಗಿದರು. 2019ರಲ್ಲಿ ಉಸ್ತಾದ್ ತೀರಿಕೊಂಡಾಗ ನಾನು ಇಲ್ಲಿದ್ದೆ, ಹೋಗಲು ಆಗಲಿಲ್ಲ. ಜನಾಜಾಕ್ಕೆ ಹೆಗಲು ಕೊಡಲು ಜನ ಸರದಿಯಲ್ಲಿ ನಿಂತಿದ್ದರಂತೆ. ಟಿಪ್ಪರ್ ಕಳೆದುಕೊಂಡವರೂ ಇದ್ದರು, ಇನ್ನೂ ಇಟ್ಟುಕೊಂಡವರೂ ಇದ್ದರು. ಊರಲ್ಲಿರುವ ನನ್ನ ಸ್ವಂತ ತಮ್ಮ ಇದನ್ನು ಫೋನಿನಲ್ಲಿ ಹೇಳುವಾಗ ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಈಗ ಇಲ್ಲಿಯ ವಿಷಯ. ನಾನು ಕೆಲಸ ಮಾಡುವುದು ನ್ಯೂಮನ್ ಕಡೆ, ಪರ್ತ್‌ನಿಂದ ಸುಮಾರು 1,200 ಕಿಲೋಮೀಟರ್ ಉತ್ತರಕ್ಕೆ. ಪಿಲ್ಬರಾ ಅಂತಾರೆ. ಮೊದಲ ದಿನ ವಿಮಾನ ಇಳಿದು ನೆಲ ನೋಡಿದಾಗ ಎದೆ ಝಲ್ ಅಂದಿತು. ಅದೇ ಕೆಂಪು ಧೂಳು, ಅದೇ ಕೆಂಪು ಗುಡ್ಡ. ಸಂಡೂರಿನ ಹಸಿರೊಂದು ಇಲ್ಲ. ಬಿಸಿಲಂತೂ ನಮ್ಮೂರಿಗಿಂತ ಜಾಸ್ತಿ. ಎರಡು ವಾರ ಕೆಲಸ, ಒಂದು ವಾರ ಮನೆ. ಇದನ್ನು ಸ್ವಿಂಗ್ ಅನ್ನುತ್ತಾರೆ. ನಿನಗೂ ಒಂದು ದಿನ ಈ ಕೆಲಸ ಸಿಗಬಹುದು.

ಇಲ್ಲಿ ಮ್ಯಾನೇಜರ್ ಕೂಡ ನಮ್ಮ ಹಾಗೇ ಹೊಳೆಯುವ ಪಟ್ಟಿಯ ಅಂಗಿ ಹಾಕುತ್ತಾನೆ. ಎಲ್ಲರೂ ಅವನನ್ನು ಹೆಸರಿಟ್ಟೇ ಕರೆಯುತ್ತಾರೆ, ಸರ್ ಇಲ್ಲ. ಕ್ರಿಬ್ ರೂಮಿನಲ್ಲಿ, ಅಂದರೆ ಊಟದ ಕೋಣೆಯಲ್ಲಿ, ಅವನ ಬಟ್ಟಲು ಅವನೇ ತೊಳೆಯುತ್ತಾನೆ. ಹಾಗಾಗಿ ಗಾಡಿ, ಬಟ್ಟೆ ನೋಡಿ ಯಾರು ದೊಡ್ಡವರು ಅಂತ ಹೇಳಲು ಆಗುವುದಿಲ್ಲ. ಅವರ ಹತ್ತಿರ ದೋಣಿ ಇದೆ, ಯೂಟ್ ಇದೆ, ನಿಜ. ಅದು ಅವರ ಆಟದ ಸಾಮಾನು. ಜಂಬ ಕೊಚ್ಚಿಕೊಂಡವನನ್ನು ಮಾತ್ರ ಕೆಳಕ್ಕೆ ಎಳೆಯುತ್ತಾರೆ. ಅದಕ್ಕೆ ಇವರಲ್ಲಿ ಒಂದು ಮಾತೇ ಇದೆ, 'ಟಾಲ್ ಪಾಪಿ'. ಪಾಪಿ ಅಂದರೆ ಗಸಗಸೆ ಹೂವು. ತೋಟದಲ್ಲಿ ಒಂದು ಹೂವು ತಲೆ ಎತ್ತಿ ನಿಂತರೆ ಅದನ್ನೇ ಕತ್ತರಿಸುತ್ತಾರೆ ಅಂತ ಅದರ ಅರ್ಥ.

ಹಾಗಾದರೆ ಇವರು ನೋಡುವುದು ಏನನ್ನು? ಶಿಫ್ಟ್ ಮುಗಿದ ಮೇಲೆ ಕಂಪನಿ ಗಾಡಿಗೆ ಡೀಸೆಲ್ ತುಂಬಿಸಿ ಇಟ್ಟಿದ್ದೀಯಾ, ಖಾಲಿ ಬಿಟ್ಟು ಹೋದೆಯಾ? ಇಸಿದುಕೊಂಡ ಸ್ಪ್ಯಾನರ್ ಒರೆಸಿ ವಾಪಸ್ ಕೊಟ್ಟೆಯಾ? ಎಲ್ಲರೂ ಸರದಿಯ ಮೇಲೆ ಕಾಫಿ ಕೊಡಿಸುವಾಗ ನಿನ್ನ ಸರದಿ ಬಂದ ದಿನ ನೀನು ಇದ್ದೆಯಾ? ಅದನ್ನು 'ಶೌಟ್' ಅನ್ನುತ್ತಾರೆ, ತಪ್ಪಿಸಬೇಡ. ಕೆಲಸ ಬರದಿದ್ದರೆ "ಬರುವುದಿಲ್ಲ, ತೋರಿಸು" ಅಂದೆಯಾ? ನಮ್ಮ ಹುಡುಗರು ಇಲ್ಲೇ ಎಡವುತ್ತಾರೆ. ಅರ್ಥ ಆಗದಿದ್ದರೂ ಹೂಂ ಅಂತ ತಲೆ ಆಡಿಸುತ್ತಾರೆ. ಊರಲ್ಲಿ ಅದು ವಿನಯ ಅನ್ನಿಸಿಕೊಳ್ಳಬಹುದು. ಕನ್ವೇಯರ್ ಬೆಲ್ಟಿನ ಪಕ್ಕದಲ್ಲಿ ಅದು ಯಾರದೋ ಕೈ ತೆಗೆಯುತ್ತದೆ.

ನಾನು ಬಂದ ಎರಡನೇ ವರ್ಷ ಒಂದು ರಾತ್ರಿ ಪಾಳಿಯಲ್ಲಿ ಕನ್ವೇಯರ್‌ನ ಬೇರಿಂಗ್ ಕೂರಿಸಿದೆ. ಬೋಲ್ಟ್ ಬಿಗಿ ಮಾಡಿ, ಹಾಳೆಗೆ ಸಹಿ ಹಾಕಿ, ಬೆಳಗ್ಗೆ ರೂಮಿಗೆ ಬಂದು ಮಲಗಿದೆ. ಕಣ್ಣು ಮುಚ್ಚಿದಾಗ ನೆನಪಾಯಿತು. ಬೋಲ್ಟ್ ಎಷ್ಟು ಬಿಗಿಯಾಗಬೇಕು ಅಂತ ಅಳತೆ ಇಡುವ ಟಾರ್ಕ್ ರೆಂಚನ್ನು ಹಿಂದಿನ ಕೆಲಸದ ಅಳತೆಗೆ ಇಟ್ಟಿದ್ದೆ, ಬದಲಾಯಿಸಿದ ನೆನಪಿಲ್ಲ. ಬೆಲ್ಟ್ ಓಡುತ್ತಿತ್ತು. ಯಾರೂ ನೋಡಿರಲಿಲ್ಲ. ಹೇಳಿದರೆ ಕೆಲಸ ಹೋಗಬಹುದು, ಕೆಲಸ ಹೋದರೆ ವೀಸಾ ಏನಾಗುತ್ತದೆ ಅನ್ನುವ ಭಯ. ಹತ್ತು ನಿಮಿಷ ಹಾಗೇ ಕೂತೆ. ಕೊಪ್ಪಳದ ಆ ರಸ್ತೆ ಪಕ್ಕ ಕಣ್ಣ ಮುಂದೆ ಬಂತು. ಸೂಪರ್‌ವೈಸರ್‌ಗೆ ಫೋನ್ ಮಾಡಿದೆ.

ಬೆಲ್ಟ್ ನಿಲ್ಲಿಸಿ ನೋಡಿದರು. ನಾಲ್ಕರಲ್ಲಿ ಎರಡು ಬೋಲ್ಟ್ ಸಡಿಲ ಇದ್ದವು. ಅವನು ಬೈಯಲಿಲ್ಲ. ರಿಪೋರ್ಟ್ ಬರೆ ಅಂದ, ಬರೆದೆ. ಮೂರು ದಿನ ನನಗೆ ನಿದ್ದೆ ಇಲ್ಲ. ಮುಂದಿನ ಸ್ವಿಂಗ್‌ನಲ್ಲಿ ಯಂತ್ರ ನಿಲ್ಲಿಸಿ ಮಾಡುವ ದೊಡ್ಡ ಶಟ್‌ಡೌನ್ ಕೆಲಸಕ್ಕೆ ಗುಂಪು ಮಾಡುವಾಗ ಅವನು ಮೊದಲು ಹೇಳಿದ ಹೆಸರು ನನ್ನದು. ಅಲ್ಲಿ ತನಕ ನನ್ನ ಜೊತೆ ನಾಲ್ಕು ಮಾತೂ ಆಡಿರದ ಒಬ್ಬ ವಯಸ್ಸಾದ ಫಿಟ್ಟರ್ ಊಟದ ಮೇಜಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಇವತ್ತಿಗೂ ಅವನು ನನ್ನ ಹತ್ತಿರದ ಗೆಳೆಯ. ನನ್ನ ಹೆಂಡತಿಯ ಹೆರಿಗೆ ದಿನ ನಾನು ವಿಮಾನಕ್ಕಾಗಿ ಕಾಯುತ್ತಿದ್ದಾಗ ಅವನ ಹೆಂಡತಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು.

ಎಲ್ಲರೂ ಹೀಗೆ ಅಂತ ಹೇಳಲಾರೆ. ನಾನು ಮೊದಲು ಸೇರಿದ ಗುಂಪಿನಲ್ಲಿ ಒಬ್ಬನಿದ್ದ, ಎರಡು ವರ್ಷ ಜೊತೆಗಿದ್ದರೂ ನನ್ನ ಗುಡ್ ಮಾರ್ನಿಂಗ್‌ಗೆ ಒಮ್ಮೆಯೂ ಉತ್ತರ ಕೊಡಲಿಲ್ಲ. ನೀನು ಏನೇ ಮಾಡಿದರೂ ಅಂಥವರು ಬದಲಾಗುವುದಿಲ್ಲ. ಅವರಿಗಾಗಿ ಗಾಡಿ ಕೊಂಡರೂ ಬದಲಾಗುವುದಿಲ್ಲ.

ನನ್ನ ಗಾಡಿಯ ಕತೆ ಚಿಕ್ಕದು. ಬಂದ ಮೊದಲ ವರ್ಷವೇ ಸಾಲದ ಮೇಲೆ ಹೊಸ ಯೂಟ್ ತಗೊಂಡೆ. ಬಾನೆಟ್ ಮೇಲೆ ಕೈ ಇಟ್ಟು ಫೋಟೋ ತೆಗೆಸಿ ಊರಿಗೆ ಕಳಿಸಿದೆ. ವರ್ಕ್‌ಶಾಪಿನಲ್ಲಿ ಯಾರೂ ತಿರುಗಿ ನೋಡಲಿಲ್ಲ. ಊರಲ್ಲಿ ನೋಡಿದರು, ಮಾರನೇ ವಾರದಿಂದ ಸಾಲ ಕೇಳುವ ಫೋನ್ ಶುರುವಾದವು. ಆ ವರ್ಷ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಕಂತು ಕಟ್ಟಿ ಉಳಿದ ದುಡ್ಡಿನಲ್ಲಿ ವಿಮಾನದ ಟಿಕೆಟ್ ಆಗಲಿಲ್ಲ. ಅಮ್ಮನನ್ನು ನಮ್ಮ ಭಾವ ಕರೆದುಕೊಂಡು ಹೋದರು. ಕಣ್ಣಿನ ಪಟ್ಟಿ ಬಿಚ್ಚಿದಾಗ ಅವಳ ಮುಂದೆ ನಿಂತಿದ್ದವನು ನಾನಲ್ಲ. ಆ ಗಾಡಿಯನ್ನು ನಷ್ಟಕ್ಕೆ ಮಾರಿದೆ. ಈಗ ಇರುವುದು ಹಳೇ ಕೊರೊಲ್ಲಾ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹಿಡಿದುಕೋ. ಒಳ್ಳೆಯವನಾಗಿರು ಅಂದರೆ ಹೇಳಿದ್ದಕ್ಕೆಲ್ಲ ತಲೆ ಬಾಗು ಅಂತಲ್ಲ. ನಿನ್ನ ಸಂಬಳದ ಚೀಟಿ ಪ್ರತಿ ಸಲ ಓದು. ಸಂಬಳದ ಮೇಲೆ ಶೇಕಡಾ 12ರಷ್ಟು ಸೂಪರ್, ಅಂದರೆ ನಿವೃತ್ತಿಯ ದುಡ್ಡು, ಮಾಲೀಕನೇ ಕಟ್ಟಬೇಕು. 2025ರ ಜುಲೈನಿಂದ ಅಷ್ಟಾಗಿದೆ. ಹೆಚ್ಚುವರಿ ಗಂಟೆ ಬರೆದಿಟ್ಟುಕೋ. ಲೆಕ್ಕ ತಪ್ಪಿದರೆ ಮೊದಲು ನೆಟ್ಟಗೆ ಕೇಳು. ಸರಿಯಾಗದಿದ್ದರೆ ಫೇರ್ ವರ್ಕ್ ಒಂಬುಡ್ಸ್‌ಮನ್ ಅಂತ ಸರ್ಕಾರದ ಕಚೇರಿ ಇದೆ, ದುಭಾಷಿಯ ಸಹಾಯವೂ ಸಿಗುತ್ತದೆ. ನಮ್ಮವನೊಬ್ಬನಿಗೆ ಒಂದು ಕಡೆ ತಿಂಗಳುಗಟ್ಟಲೆ ಕಡಿಮೆ ಕೊಟ್ಟಿದ್ದರು. ಅವನು ಗಲಾಟೆ ಮಾಡದೆ ಎಲ್ಲ ಚೀಟಿ ಜೋಡಿಸಿ ತೋರಿಸಿದ. ಆವತ್ತಿಂದ ಅವನ ಜೊತೆ ಹುಷಾರಾಗಿ ಮಾತಾಡುತ್ತಾರೆ.

ನಿನ್ನ ಮಾವನಿಗೆ ಏನು ಹೇಳಬೇಕು? ಕಾರಿನ ಫೋಟೋ ಬದಲು ನಿನ್ನ ಟೂಲ್ ಬಾಕ್ಸಿನ ಫೋಟೋ ಕಳಿಸು. ಅವರು ಮೂವತ್ತು ವರ್ಷ ಲಾರಿ ಓಡಿಸಿದವರು ಅಂತ ಬರೆದಿದ್ದೀಯ. ಒರೆಸಿ ಸಾಲಾಗಿ ಇಟ್ಟ ಸ್ಪ್ಯಾನರ್ ನೋಡಿದರೆ ಅವರಿಗೆ ಅರ್ಥ ಆಗುತ್ತದೆ. ಬಸ್ಸಿನಲ್ಲಿ ಹೋಗುತ್ತೇನೆ ಅಂತಲೂ ಹೇಳು, ಮುಚ್ಚಿಡಬೇಡ. ಒಮ್ಮೆ ಮುಚ್ಚಿಟ್ಟರೆ ಮುಂದೆ ಪ್ರತಿ ಭಾನುವಾರದ ಫೋನಿನಲ್ಲೂ ಮುಚ್ಚಿಡಬೇಕಾಗುತ್ತದೆ.

ಬುಧವಾರ ನನ್ನ ಸ್ವಿಂಗ್ ಮುಗಿಯುತ್ತದೆ. ಗುರುವಾರ ಸಂಜೆ ಮನೆಗೆ ಬಾ, ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗುತ್ತೇನೆ. ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಮಂಡಕ್ಕಿ ಸಿಗುತ್ತದೆ, ಒಗ್ಗರಣೆ ಮಾಡೋಣ. ನಿನ್ನ ಸಂಬಳದ ಚೀಟಿ, ಆ ಸಾಲದ ಕಾಗದ ಎರಡೂ ತಗೊಂಡು ಬಾ, ಕೂತು ಓದೋಣ. ಅಲ್ಲಿ ತನಕ ಸಹಿ ಹಾಕಬೇಡ.