ನಾಲ್ಕು ಕಡ್ಡಿ ಇದ್ರೂ ನೆಟ್ ಯಾಕೆ ಓಡಲ್ಲ?

ಕೊಡಗಿನ ನಾಪೋಕ್ಲಲ್ಲಿ ಬೆಳಗ್ಗೆ ನೆಟ್ ಸರಿ, ಸಂಜೆ ಏಳರ ಮೇಲೆ ನಾಲ್ಕು ಕಡ್ಡಿ ಇದ್ರೂ ವಿಡಿಯೋ ಸುತ್ತುತ್ತಲೇ ಇರುತ್ತೆ ಅಂದ್ರಲ್ಲ, ಫೋನ್ ತಪ್ಪಲ್ಲ ಬಿಡಿ. ಮೊದಲು ದಿನದ ಡೇಟಾ ಮುಗಿದಿದೆಯಾ ನೋಡಿ. ಮುಗಿದ್ರೆ ಎಷ್ಟೋ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತೆ, ಮಧ್ಯರಾತ್ರಿ ಮತ್ತೆ ಸರಿಹೋಗುತ್ತೆ. ಡೇಟಾ ಉಳಿದಿದ್ರೆ ಟವರಲ್ಲೇ ನೂಕುನುಗ್ಗಲು. ಕಡ್ಡಿ ಹೇಳೋದು ಸಿಗ್ನಲ್ ಬಲ ಮಾತ್ರ, ಜನ ಎಷ್ಟಿದ್ದಾರೆ ಅಂತಲ್ಲ. ಗುಡ್ಡ, ಕಾಫಿ ತೋಟ ದಾಟಿ ಬರೋದು ಹೆಚ್ಚಾಗಿ 850 ಅಥವಾ 900 ಮೆಗಾಹರ್ಟ್ಸ್ ರೇಡಿಯೋ ತರಂಗ; ದೂರ ಹೋಗುತ್ತೆ, ಆದ್ರೆ ದಾರಿ ಕಿರಿದು, ಅದನ್ನೇ ಊರೆಲ್ಲ ಹಂಚಿಕೊಳ್ಳಬೇಕು.

ಆಂಡ್ರಾಯ್ಡ್ ಆದ್ರೆ ನಂಬರ್ ಡಯಲ್ ಮಾಡೋ ಜಾಗದಲ್ಲಿ *#*#4636#*#* ಒತ್ತಿ (ಕೆಲವು ಫೋನಲ್ಲಿ ತೆರೆಯಲ್ಲ), ಸಿಗ್ನಲ್ ಅಂಕಿ ನೋಡಿ: -95 dBm (ಸಿಗ್ನಲ್ ಬಲದ ಅಳತೆ) ಆಸುಪಾಸು ಚೆನ್ನ, -110ಕ್ಕಿಂತ ಕೆಳಗೆ, ಅಂದ್ರೆ -115, -120 ಕಡೆಗೆ ಹೋದ್ರೆ ಕಷ್ಟ. ಬೇರೆ ಸಿಮ್ ತಗೊಳ್ಳೋದಾದ್ರೆ ಬಿಎಸ್ಎನ್ಎಲ್ 4ಜಿಗೆ ಬ್ಯಾಂಡ್ 28 (700 ಮೆಗಾಹರ್ಟ್ಸ್ ತರಂಗ) ನಿಮ್ಮ ಫೋನಲ್ಲಿದೆಯಾ ನೋಡ್ಕೊಂಡೇ ತಗೊಳ್ಳಿ.