ನಿಮ್ಮ ಬೋರ್ಡ್ ಸತ್ತಿರಲಿಲ್ಲ

ಆತ್ಮೀಯರೇ,

ಷಿಕಾಗೋದಿಂದ ನೀವು ಕಳಿಸಿದ ‘ಸತ್ತ ಪ್ಯಾಕ್‌ಮ್ಯಾನ್‌ಗೆ ಮರುಜೀವ’ ಲೇಖನವನ್ನು ಎರಡು ಸಲ ಓದಿದೆ. ಕೊಂಡು ತಂದ ಹಳೆಯ ಆರ್ಕೇಡ್ ಬೋರ್ಡು (ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರದೊಳಗಿನ ಸರ್ಕ್ಯೂಟ್ ಹಲಗೆ) ಆಟ ಶುರು ಮಾಡದೆ ಪರದೆ ತುಂಬ ಕಸ ತೋರಿಸುತ್ತಿತ್ತು, ಮೂರು ವಾರ ಕೂತು ಅದನ್ನು ಸರಿಮಾಡಿದಿರಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಉದ್ದದ ಪತ್ರ.

ಮೊದಲ ನಾಲ್ಕು ಪುಟ ತೆಗೆದುಬಿಡಿ. 1980ರಲ್ಲಿ ಜಪಾನಿನ ನಾಮ್ಕೋ ರೂಪಿಸಿದ ಆಟ, ಅಮೆರಿಕದಲ್ಲಿ ಮಿಡ್‌ವೇ ತಯಾರಿಸಿ ಮಾರಿತು. ಇಷ್ಟು ಇತಿಹಾಸ ಸಾಕು. ನಿಮ್ಮ ಲೇಖನ ನಿಜಕ್ಕೂ ಶುರುವಾಗುವುದು ಆರನೇ ಪುಟದಲ್ಲಿ: “ಝಡ್80 ಚಿಪ್ಪಿನ 26ನೇ ಪಿನ್ನಿಗೆ ಲಾಜಿಕ್ ಪ್ರೋಬ್ ಮುಟ್ಟಿಸಿದರೆ ದೀಪ ಮಿಣುಕುತ್ತಿತ್ತು.” ಇಷ್ಟು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು.

ಝಡ್80 ಈ ಬೋರ್ಡಿನ ಸಿಪಿಯು, ಅಂದರೆ ಪ್ರೋಗ್ರಾಂ ಓಡಿಸುವ ಚಿಪ್ಪು. ಲಾಜಿಕ್ ಪ್ರೋಬ್ ಅಂದರೆ ಪಿನ್ನಿನ ಸಿಗ್ನಲ್ಲನ್ನು ದೀಪದಲ್ಲಿ ತೋರಿಸುವ ಕಡ್ಡಿ. 26ನೆಯದು ರೀಸೆಟ್ ಪಿನ್, ಪ್ರೋಗ್ರಾಮನ್ನು ಮೊದಲಿನಿಂದ ಶುರು ಮಾಡಿಸುವುದು. ಈ ಬೋರ್ಡಿನ ವಾಚ್‌ಡಾಗ್ ಸರ್ಕ್ಯೂಟು ಪರದೆಯ ಒಂದೊಂದು ಚಿತ್ರ ಮುಗಿದಾಗಲೂ ಒಂದೊಂದು ಎಣಿಸುತ್ತದೆ. ಪ್ರೋಗ್ರಾಂ ನೆಟ್ಟಗೆ ಓಡುತ್ತಿದ್ದರೆ ಆಗಾಗ ಬಂದು ಆ ಎಣಿಕೆಯನ್ನು ಅಳಿಸುತ್ತಿರುತ್ತದೆ. ಬರಲಿಲ್ಲವೋ, 16 ತುಂಬುತ್ತಲೇ ಸಿಪಿಯು ರೀಸೆಟ್. ಸೆಕೆಂಡಿಗೆ ಸುಮಾರು 60 ಚಿತ್ರ. ಅಂದರೆ ಕಾಲು ಸೆಕೆಂಡಿಗೊಮ್ಮೆ ಹೊಸದಾಗಿ ಶುರು. ನಿಮ್ಮ ದೀಪ ಮಿಣುಕಿದ್ದು ಇದಕ್ಕೇ. ಬೋರ್ಡಿಗೆ ತಾಳ ಕೊಡುವ 18.432 ಮೆಗಾಹರ್ಟ್ಸ್ ಕ್ರಿಸ್ಟಲ್ ಮಿಡಿಯುತ್ತಿದೆ, ವಿಡಿಯೋ ಭಾಗದ ಎಣಿಕೆ ನಡೆಯುತ್ತಿದೆ, ಪ್ರೋಗ್ರಾಂ ಮಾತ್ರ ದಾರಿ ತಪ್ಪುತ್ತಿದೆ ಎಂದು ಆ ದೀಪ ಹೇಳುತ್ತಿತ್ತು. ಓದುಗರಿಗೆ ಇದು ತಿಳಿದರೆ ಅರ್ಧ ಬೋರ್ಡು ಅನುಮಾನದಿಂದ ಹೊರಗೆ ಬರುತ್ತದೆ, ಉಳಿದರ್ಧದಲ್ಲಿ ನಿಮ್ಮ ಜೊತೆ ಅವರೂ ಹುಡುಕುತ್ತಾರೆ. ‘ಸತ್ತ’ ಎಂಬ ಪದ ಶೀರ್ಷಿಕೆಯಿಂದ ಹೋಗಲಿ.

“5 ವೋಲ್ಟ್ ಸರಿಯಾಗಿತ್ತು” ಎಂದಿದ್ದೀರಿ. ಎಲ್ಲಿ ಅಳೆದಿರಿ? ಮೂಲ ಬೋರ್ಡಿಗೆ ಹೊರಗಿನಿಂದ ಬರುವುದು ಸುಮಾರು 7 ವೋಲ್ಟ್ ಎಸಿ. ಅದನ್ನು 5 ವೋಲ್ಟ್ ಡಿಸಿ ಮಾಡಿಕೊಳ್ಳುವುದು ಬೋರ್ಡೇ. ಅಷ್ಟು ಕರೆಂಟ್ ಹರಿದು ಹರಿದು ಅಂಚಿನ 44 ಪಿನ್ನಿನ ಕನೆಕ್ಟರು ಸುಟ್ಟು ಕರಕಲಾಗುವುದು ಈ ಬೋರ್ಡುಗಳ ಹಳೆಯ ಕಾಯಿಲೆ. ನೀವೇ ಕಳಿಸಿದ ಫೋಟೋದಲ್ಲಿ ಅಂಚು ಕಂದುಗಟ್ಟಿದೆ, ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ನಾನು ಹತ್ತು ವರ್ಷ ಟಿವಿ ರಿಪೇರಿ ಮಾಡಿದವನು. ಪವರ್ ಸಪ್ಲೈ ಹತ್ತಿರ ಮೀಟರ್ ಹಿಡಿದರೆ ಸರಿಯಾಗಿ 5, ಐಸಿಯ (ಚಿಪ್ಪಿನ) ಕಾಲಿಗೆ ಹಿಡಿದರೆ 4.4: ನಡುವಿನ ಒಂದು ಕಪ್ಪುಗಟ್ಟಿದ ಕನೆಕ್ಟರು ಮಿಕ್ಕದ್ದನ್ನು ನುಂಗಿರುತ್ತಿತ್ತು. ಹಾಗಾಗಿ ಬೋರ್ಡು ಓಡುತ್ತಿರುವಾಗಲೇ ಝಡ್80ಯ 11 (5 ವೋಲ್ಟ್) ಮತ್ತು 29ನೇ (ಗ್ರೌಂಡ್) ಪಿನ್ನುಗಳ ನಡುವೆ ಅಳೆದು ಆ ಅಂಕಿ ಬರೆಯಿರಿ. 4.75ಕ್ಕಿಂತ ಕೆಳಗಿದ್ದರೆ ಟಿಟಿಎಲ್ ಐಸಿಗಳನ್ನು (5 ವೋಲ್ಟಿನಲ್ಲಿ ಓಡುವ ಚಿಪ್ಪುಗಳನ್ನು) ನಂಬುವ ಹಾಗಿಲ್ಲ.

ನನಗೆ ನಿಜಕ್ಕೂ ಬೇಸರವಾದದ್ದು ಕೊನೆಯ ಪುಟ. ಸಿಪಿಯು, ಆಟದ ಪ್ರೋಗ್ರಾಂ ಇಟ್ಟಿರುವ ನಾಲ್ಕು ರೋಮ್ ಚಿಪ್ಪು, ಎರಡು ರ‍್ಯಾಮ್, ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿದಿರಿ, ಆಟ ಬಂತು, ಲೇಖನ ಮುಗಿಯಿತು. ಹಾಳಾಗಿದ್ದು ಯಾವುದು? ಪ್ರಾಯಶಃ ಯಾವುದೂ ಅಲ್ಲ. 40 ವರ್ಷ ಸಾಕೆಟ್ಟಿನಲ್ಲಿ ಕೂತ ಚಿಪ್ಪಿನ ಕಾಲು ಕಪ್ಪಿಟ್ಟಿರುತ್ತದೆ. ಕಿತ್ತು ಮತ್ತೆ ಕೂರಿಸಿದರೇ ಎಷ್ಟೋ ಸಲ ಸರಿಹೋಗುತ್ತದೆ. ಹಳೆಯ ಚಿಪ್ಪುಗಳನ್ನು ಎಸೆದಿಲ್ಲ ತಾನೇ? ಕಾಲುಗಳನ್ನು ಒರೆಸಿ, ಒಂದೊಂದಾಗಿ ವಾಪಸ್ ಹಾಕಿ ನೋಡಿ. ಯಾವುದು ಹಾಕಿದಾಗ ದೀಪ ಮತ್ತೆ ಮಿಣುಕುತ್ತದೋ ಅದೇ ನಿಮ್ಮ ಕೊನೆಯ ಪುಟ. ಯಾವುದಕ್ಕೂ ಮಿಣುಕದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ.

ಭಾಷೆಯ ಬಗ್ಗೆ ಒಂದು ಮಾತು. ‘ಕೇಂದ್ರೀಯ ಸಂಸ್ಕರಣಾ ಘಟಕ’ ಬೇಡ, ಸಿಪಿಯು ಅನ್ನಿ. ವಾಚ್‌ಡಾಗನ್ನು ಒಂದು ಕಡೆ ‘ಕಾವಲುನಾಯಿ’ ಎಂದಿದ್ದೀರಲ್ಲ, ಅದು ನನಗೆ ಬಹಳ ಹಿಡಿಸಿತು. ಇರಲಿ.

ಎಂಟು ಪುಟ ಮೀರದಂತೆ ಮತ್ತೆ ಬರೆದು ಕಳಿಸಿ, ಕಾಯುತ್ತಿರುತ್ತೇನೆ. ಕನೆಕ್ಟರಿನ ಫೋಟೋ ಮಾತ್ರ ಇನ್ನೂ ಹತ್ತಿರದಿಂದ, ಹಗಲು ಬೆಳಕಿನಲ್ಲಿ ತೆಗೆಯಿರಿ.

ನಿಮ್ಮ,
ಸಂಪಾದಕ