ಕಾಫಿ ಹಣ್ಣಿನ ಬಣ್ಣ ಅಳೆಯುವ ಕ್ಯಾಮೆರಾಕ್ಕೆ ಕೆಂಪು, ಹಸಿರು, ನೀಲಿ ಗೇನ್ ಸ್ಲೈಡರ್‌ಗಳನ್ನು ಹೇಗೆ ಕೊಡಬೇಕು?

ಗೇನ್ ಎಂದರೆ ಒಂದು ಬಣ್ಣದ ಮಟ್ಟವನ್ನು ಎಷ್ಟು ಪಟ್ಟು ಗುಣಿಸಬೇಕು ಎಂಬ ಸಂಖ್ಯೆ. 0ಯಿಂದ 255ರವರೆಗೆ ಮೂರು ಸ್ಲೈಡರ್, ಪಕ್ಕದಲ್ಲಿ ಗೇನನ್ನು ತಾನೇ ಹೊಂದಿಸುವ ಆಟೋ ಗುಂಡಿ: ನೀವು ಕೇಳಿರುವ ಇದೇ ವಿನ್ಯಾಸವನ್ನು ನಾನು ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟವೊಂದರ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಶೆಡ್ಡಿನಲ್ಲಿ ಅಳವಡಿಸಿದ್ದೆ. ಕೊಯ್ಲಿನ ಕಾಲದಲ್ಲಿ ಅಳತೆಗೆ ಬರುವ ಹಣ್ಣನ್ನು ಮೇಲಿನಿಂದ ಫೋಟೊ ತೆಗೆದು, ಹಣ್ಣೆಷ್ಟು ಕಾಯೆಷ್ಟು ಎಂದು ತೋರಿಸುವುದು ಅದರ ಕೆಲಸ. ಶೆಡ್ಡಿನ ಒಂದು ಬದಿಗೆ ನೀಲಿ ಟಾರ್ಪಾಲು, ಇನ್ನೊಂದು ಬದಿಗೆ ಸಿಲ್ವರ್ ಓಕ್ ಮರಗಳ ನೆರಳು, ಕತ್ತಲಾದ ಮೇಲೆ ಟ್ಯೂಬ್‌ಲೈಟ್. ಬೆಳಕು ಹೀಗೆ ಬದಲಾಗುವಾಗ ಆಟೋ ಬೇಕೇ ಬೇಕು ಎಂದುಕೊಂಡೆ.

ನಾನು ಬರೆದ ಆಟೋ, ಇಡೀ ಚಿತ್ರದ ಸರಾಸರಿ ಬೂದು ಬಣ್ಣ ಇರಬೇಕೆಂದು ನಂಬುವ ಹಳೆಯ ಲೆಕ್ಕ. ಚೌಕಟ್ಟಿನ ತುಂಬ ಕೆಂಪು ಹಣ್ಣು ಬಿದ್ದರೆ ಅದು ಕೆಂಪಿನ ಗೇನ್ ಇಳಿಸುತ್ತಿತ್ತು. ಹಸಿರು ಕಾಯಿ ಹೆಚ್ಚಿದ್ದರೆ ಏರಿಸುತ್ತಿತ್ತು. ಯಾವ ವ್ಯತ್ಯಾಸವನ್ನು ಅಳೆಯಲು ಕ್ಯಾಮೆರಾ ಇಟ್ಟಿದ್ದೆವೋ ಅದನ್ನೇ ಅದು ಅಳಿಸುತ್ತಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಹಣ್ಣು ಮಂಕಾಗಿ ಕಂಡಾಗ ಕೆಂಪು ಸ್ಲೈಡರ್ ಏರಿಸುತ್ತಿದ್ದರು. ಮುಂದಿನ ರಾಶಿ ಬಂದೊಡನೆ ಆಟೋ ಮತ್ತೆ ಶುರುವಾಗಿ ಗೇನ್ ಬದಲಾಗುತ್ತಿತ್ತು. ತೆರೆಯ ಮೇಲಿನ ಸ್ಲೈಡರ್ ಮಾತ್ರ ಅವರು ಇಟ್ಟಲ್ಲೇ ನಿಂತಿರುತ್ತಿತ್ತು.

ಇದನ್ನಾದರೂ ಸರಿಪಡಿಸಬಹುದಿತ್ತು. ನನಗೆ ದುಬಾರಿಯಾದದ್ದು ಬೇರೆ: ಪ್ರತಿ ಫೋಟೊದ ಜೊತೆ ನಾನು ಉಳಿಸುತ್ತಿದ್ದದ್ದು ಸ್ಲೈಡರ್‌ನ ಸಂಖ್ಯೆಯನ್ನು, ಆ ಫ್ರೇಮಿಗೆ ನಿಜವಾಗಿ ಗುಣಿಸಿದ ಗೇನನ್ನಲ್ಲ. ಇವೆರಡೂ ಒಂದೇ ಅಲ್ಲ. ಆಟೋ ಇದ್ದಾಗ ಹೇಗೂ ಬೇರೆ. ಆಟೋ ಇಲ್ಲದಿದ್ದರೂ ಕೇಳಿದ ಗೇನ್ ಜಾರಿಗೆ ಬರಲು ಕೆಲವು ಫ್ರೇಮ್ ತಡವಾಗಬಹುದು. ಗುಂಡಿ ಒತ್ತಿದ ಕ್ಷಣದ ಚಿತ್ರಕ್ಕೆ ಹಿಂದಿನ ಗೇನೇ ತಗುಲಿರಬಹುದು. ಮೇಲಾಗಿ ನಾನು ಇಟ್ಟುಕೊಂಡದ್ದು ಜೆಪೆಗ್ ಚಿತ್ರಗಳನ್ನು ಮಾತ್ರ. ಗೇನ್ ಗುಣಿಸಿ, ಮೇಲ್ಮಿತಿ ದಾಟಿದ್ದನ್ನು ಕತ್ತರಿಸಿ, ಹೊಳಪನ್ನು ಕಣ್ಣಿಗೆ ಒಗ್ಗುವಂತೆ ಬದಲಿಸುವ ಗಾಮಾ ವಕ್ರರೇಖೆ ಹಾಯಿಸಿ 8 ಬಿಟ್‌ಗೆ ಇಳಿಸಿದ ಮೇಲೆ, ಗೇನ್ ಎಷ್ಟೆಂದೂ ಗೊತ್ತಿಲ್ಲದಿದ್ದರೆ, ಹಿಂದಕ್ಕೆ ಹೋಗುವ ದಾರಿಯಿಲ್ಲ. ಇಡೀ ಕೊಯ್ಲಿನ ಚಿತ್ರಗಳಲ್ಲಿ ಎರಡನ್ನು ಹೋಲಿಸುವಂತಿರಲಿಲ್ಲ. ತೋಟದವರು ಕ್ಯಾಮೆರಾ ಬಿಚ್ಚಿಸಿದರು, ಉಳಿದ ಹಣ ಬರಲಿಲ್ಲ.

ಆದ್ದರಿಂದ ಮೂರು ಸ್ಲೈಡರ್ ಎಂಬ ಯೋಚನೆಯನ್ನೇ ಬಿಡಿ. ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳಿರುವ ಬೇಯರ್ ಜಾಲರಿಯಲ್ಲಿ ಅರ್ಧದಷ್ಟು ಚುಕ್ಕೆಗಳು ಹಸಿರು. ಹಸಿರನ್ನು 1ಕ್ಕೆ ನಿಲ್ಲಿಸಿ, ಕೆಂಪು ಮತ್ತು ನೀಲಿಯನ್ನು ಅದಕ್ಕೆ ಹೋಲಿಸಿ. ಮೂರನ್ನೂ ಒಟ್ಟಿಗೆ ಏರಿಸಿದರೆ ಬದಲಾಗುವುದು ಹೊಳಪು, ಬಣ್ಣವಲ್ಲ. ಕ್ಯಾಮೆರಾ ನಡೆಸುವ ತಂತ್ರಾಂಶವಾದ ಲಿಬ್‌ಕ್ಯಾಮೆರಾದಲ್ಲೂ ಬಣ್ಣದ ಗೇನ್ ಎಂದರೆ ಕೆಂಪು, ನೀಲಿ ಎಂಬ ಎರಡೇ ಸಂಖ್ಯೆ, ಅದೂ ಆಟೋ ನಿಲ್ಲಿಸಿದಾಗ ಮಾತ್ರ ಅನ್ವಯ. ಮುಗಿದ ಫ್ರೇಮಿನ ಜೊತೆ ಬರುವ ಮೆಟಾಡೇಟಾದಿಂದ (ಆ ಚಿತ್ರದ ವಿವರಗಳಿಂದ) ಗೇನ್ ಓದಿ ಉಳಿಸಿ, ತೆರೆಯ ಮೇಲೂ ಅದನ್ನೇ ತೋರಿಸಿ.

ಸೆನ್ಸರ್ ಒಳಗೆ ಗೇನನ್ನು ಬರೆದಿಡುವ ರಿಜಿಸ್ಟರ್‌ನ ಸಂಖ್ಯೆಯನ್ನು ಕ್ಯಾಮೆರಾ ಬಳಸುವವರ ಮುಂದಿಡಬೇಡಿ. ಒಂದು ಸೆನ್ಸರ್‌ನಲ್ಲಿ 256 ಎಂದರೆ 1 ಪಟ್ಟು, ಇನ್ನೊಂದರಲ್ಲಿ 1024 ಎಂದರೆ 1 ಪಟ್ಟು. ‘1.85 ಪಟ್ಟು’ ಎಂದು ತೋರಿಸಿದರೆ ಸೆನ್ಸರ್ ಬದಲಾದರೂ ಅರ್ಥ ಬದಲಾಗದು. 1ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ; ಬೆಳಕು ತುಂಬಿ ಮೂರೂ ಬಣ್ಣ ಗರಿಷ್ಠ ಮುಟ್ಟಿದ ಜಾಗದಲ್ಲಿ ಒಂದನ್ನು ಮಾತ್ರ ತಗ್ಗಿಸಿದರೆ ಬಿಳಿ ಇರಬೇಕಾದಲ್ಲಿ ಬಣ್ಣ ಕೂರುತ್ತದೆ.

ನನ್ನ ಮಟ್ಟಿಗೆ ಸ್ಲೈಡರ್ ಕೂಡ ಮುಖ್ಯವಲ್ಲ, ಒಂದೇ ಗುಂಡಿ ಸಾಕು. ಬೇರೆ ಬಣ್ಣದ ಛಾಯೆಯಿಲ್ಲದ ಬೂದು ಕಾರ್ಡ್ ಇಟ್ಟು ಒತ್ತಿದಾಗ ಕಾರ್ಡಿನ ಭಾಗದ ಸರಾಸರಿ ತೆಗೆದು, ಹಸಿರನ್ನು ಒಮ್ಮೆ ಕೆಂಪಿನಿಂದ, ಇನ್ನೊಮ್ಮೆ ನೀಲಿಯಿಂದ ಭಾಗಿಸಿ, ಬಂದ ಎರಡು ಗೇನ್‌ಗಳಿಗೆ ಬೀಗ ಹಾಕಿಬಿಡಬೇಕು. ಭಾಗಿಸುವ ಮೊದಲು ಸೆನ್ಸರ್‌ನ ಕಪ್ಪು ಮಟ್ಟವನ್ನು, ಅಂದರೆ ಬೆಳಕೇ ಇಲ್ಲದಾಗಲೂ ಅದು ಕೊಡುವ ಸಂಖ್ಯೆಯನ್ನು, ಕಳೆಯಲೇಬೇಕು. ಕಪ್ಪು ಮಟ್ಟ 64, ಹಸಿರು 564, ಕೆಂಪು 314 ಎಂದಿಟ್ಟುಕೊಳ್ಳಿ: ಕಳೆದರೆ ಗೇನ್ 2, ಕಳೆಯದಿದ್ದರೆ ಸುಮಾರು 1.8. ಹಣ್ಣು ಕಾಯಿಯ ಗಡಿ ತಪ್ಪಲು ಅಷ್ಟು ಸಾಕು.

ಇನ್ನು ಟಾರ್ಪಾಲು, ಮರದ ನೆರಳು ಇರುವ ಕಡೆ ತಂತ್ರಾಂಶಕ್ಕಿಂತ ಮೊದಲು ಪೆಟ್ಟಿಗೆ ಮಾಡಿಸಿ. ಹೊರಗಿನ ಬೆಳಕು ನುಗ್ಗದಂತೆ ಮುಚ್ಚಿ, ಒಳಗೆ ಒಂದೇ ಬಗೆಯ ಎಲ್‌ಇಡಿ ಹಾಕಿ, ಚೌಕಟ್ಟಿನ ಮೂಲೆಯಲ್ಲಿ ಬೂದು ಕಾರ್ಡಿನ ತುಂಡನ್ನು ಶಾಶ್ವತವಾಗಿ ಅಂಟಿಸಿ. ಅದರ ಮೇಲೆ ಹಣ್ಣಿನ ರಸ ಹಾರುತ್ತದೆ, ದಿನಾ ಅಳತೆಗೆ ಮೊದಲು ಒರೆಸಲು ರೈಟರ್‌ಗೆ ಹೇಳಿಡಿ.